ತಳಿಗೂ ಪರೀಕ್ಷೆ ಇದೆ



ನಮ್ಮ ಮಡಕಶಿರಾ ಸೀಮೆಯ ಬೆಳೆ ಕಡ್ಲೆಕಾಯಿ, ಅದೂ ಮಳೆ ನಂಬಿದ್ದು. ನಮ್ಮ ಜಿಲ್ಲೆಯ ಕದಿರಿ ಸಂಶೋಧನಾ ಕೇಂದ್ರದ ಕದಿರಿ-6 ಎಲ್ಲರಿಗೂ ಗೊತ್ತು. ಆದ್ರೆ ಒಂದು ತಳಿ ರೈತರ ಕೈಗೆ ಬರೋದು ಹೇಗೆ?

ಹೊಸ ತಳಿಯನ್ನು ಹಳೇ ಒಳ್ಳೇ ತಳಿಯ ಪಕ್ಕದಲ್ಲೇ, ಬೇರೆ ಬೇರೆ ಕೇಂದ್ರಗಳಲ್ಲಿ, ಸಾಮಾನ್ಯವಾಗಿ ಮೂರು ವರ್ಷ ಬಿತ್ತಿ ನೋಡ್ತಾರೆ. ಇಳುವರಿ, ರೋಗ, ಎಣ್ಣೆಯ ಅಂಶ ಎಲ್ಲಾ ಲೆಕ್ಕ ಹಾಕ್ತಾರೆ. ಗೆದ್ದ ತಳಿಯನ್ನು ಸಮಿತಿ ಒಪ್ಪಬೇಕು. ಆಮೇಲೆ 1966ರ ಬೀಜ ಕಾಯ್ದೆಯಂತೆ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸುತ್ತೆ. ಅಂಥ ತಳಿಯ ಬೀಜಕ್ಕೆ ಮಾತ್ರ ಪ್ರಮಾಣಿತ ಬೀಜದ ನೀಲಿ ಚೀಟಿ.

ಕೇಂದ್ರದ ಹೊಲಕ್ಕೆ ಗೊಬ್ಬರ, ಔಷಧಿ ಹೊತ್ತಿಗೆ ಸಿಗುತ್ತೆ. ನಮ್ಮ ಕಲ್ಲು ನೆಲಕ್ಕೆ ಸಾಲ ಸಿಕ್ಕಾಗ. ಅದಕ್ಕೇ ರೈತರ ಹೊಲದಲ್ಲೂ ನೋಡೋಕೆ ಮಿನಿಕಿಟ್ ಅಂತ ಚಿಕ್ಕ ಬೀಜದ ಚೀಲ ಕೊಡ್ತಾರೆ. ಅದು ದೊಡ್ಡ ಹೊಲಗಳಿಗೇ ಹೋದ್ರೆ, ನಮ್ಮಂಥ ಒಂದೆಕರೆಯವರ ಹೊಲದಲ್ಲಿ ತಳಿ ಪಾಸೋ ಫೇಲೋ ಯಾರಿಗೆ ಗೊತ್ತಾಗುತ್ತೆ?

ಮುಂಗಾರಿಗೆ ಮುಂಚೆ ಸಂಘದಿಂದ ಕೃಷಿ ಕಚೇರಿಗೆ ಹೋಗಿ, ಮಿನಿಕಿಟ್‌ಗೆ ನಮ್ಮ ಕೇರಿಯವರ ಹೆಸರು ಬರೆಸೋಣ. ಬೀಜ ಕೊಂಡರೆ ಚೀಟಿ, ಬಿಲ್ಲು ಜೋಪಾನ ಮಾಡೋಣ. ಮನೆ ಬೀಜ ಉಳಿಸಿ ಬಿತ್ತೋ, ಹಂಚೋ ಹಕ್ಕನ್ನು 2001ರ ಕಾಯ್ದೆ ಕೊಟ್ಟಿದೆ. ಅದನ್ನೂ ಬಿಡೋದು ಬೇಡ.