ಹೊಸ ಬಡಾವಣೆ ಮತ್ತು ಊರಿನ ಗಾಳಿ: ಪರವಾನಗಿಗೆ ಮುನ್ನ ಪರಿಶೀಲನೆ

(ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಹೊಸ ಬಡಾವಣೆಯ ಕಡತ ಸಭೆಯ ಮುಂದೆ ಬಂದಾಗ ನೀರು, ರಸ್ತೆ, ಚರಂಡಿಗಳ ವಿಚಾರ ಚರ್ಚೆಯಾಗುತ್ತದೆ. ಮಲೆನಾಡಿನ ಗಾಳಿ ಹೇಗೂ ಶುದ್ಧವೆಂಬ ನಂಬಿಕೆಯಿಂದ ಗಾಳಿಯ ವಿಚಾರ ಬಿಟ್ಟುಹೋಗುವ ಸಂಭವವಿದೆ.

2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಂತೆ, 20,000 ಚದರ ಮೀಟರ್ ಅಥವಾ ಹೆಚ್ಚಿನ ನಿರ್ಮಿತ ವಿಸ್ತೀರ್ಣವುಳ್ಳ ಕಟ್ಟಡ ಯೋಜನೆಗಳಿಗೂ, 50 ಹೆಕ್ಟೇರ್ ಅಂದರೆ ಸುಮಾರು 123 ಎಕರೆ ಮುಟ್ಟುವ ಬಡಾವಣೆಗಳಿಗೂ ಪರಿಸರ ಪೂರ್ವಾನುಮತಿ ಅಗತ್ಯ. ಮನೆಗಳು ಒಂದೊಂದಾಗಿ ಏಳುವ ನಾಲ್ಕೈದು ಎಕರೆಯ ಬಡಾವಣೆ ಸಾಮಾನ್ಯವಾಗಿ ಈ ಮಿತಿಯನ್ನು ತಲುಪುವುದಿಲ್ಲ. ಅಂತಹ ಕಡೆ ಧೂಳು, ಹೊಗೆಗಳನ್ನು ಅಂದಾಜು ಮಾಡುವ ಹೊಣೆ ಪಂಚಾಯಿತಿಯ ಮೇಲೆಯೇ ಬೀಳುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಕಟ್ಟಡ ನಿರ್ಮಾಣಕ್ಕೆ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ಪರಿಶೀಲನೆಗೆ ಅದೇ ಸಂದರ್ಭ.

ಅಂದಾಜಿನಲ್ಲಿ ಮೊದಲು ನೋಡಬೇಕಾದುದು ಕಾಲ. ಜುಲೈ ತಿಂಗಳ ಮಳೆಯಲ್ಲಿ ಅಳೆದ ಗಾಳಿ ಎಲ್ಲೆಡೆಯೂ ಶುದ್ಧವಾಗಿಯೇ ಕಾಣುತ್ತದೆ. ಧೂಳು ಏಳುವುದು ಡಿಸೆಂಬರ್‌ನಿಂದ ಮಳೆ ಹಿಡಿಯುವವರೆಗೆ. ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಗುಡ್ಡದಿಂದ ಇಳಿದು ಕಣಿವೆಯಲ್ಲಿ ನಿಲ್ಲುವುದರಿಂದ, ಬೆಳಗಿನ ಮಂಜಿನೊಡನೆ ಹೊಗೆಯೂ ಅಲ್ಲಿಯೇ ತಂಗುತ್ತದೆ. ಅರ್ಜಿದಾರರು ಗಾಳಿಯ ವರದಿ ಸಲ್ಲಿಸಿದರೆ ಅಳತೆಯ ದಿನಾಂಕ ಹಾಗೂ ಸ್ಥಳವನ್ನು ಮೊದಲು ಓದುವುದು ಸೂಕ್ತ. 2009ರ ರಾಷ್ಟ್ರೀಯ ಮಾನದಂಡದಂತೆ 24 ಗಂಟೆಗಳ ಸರಾಸರಿಯಲ್ಲಿ, ಪ್ರತಿ ಘನ ಮೀಟರ್ ಗಾಳಿಯಲ್ಲಿ 10 ಮೈಕ್ರಾನ್‌ವರೆಗಿನ ಕಣಗಳು 100 ಮೈಕ್ರೋಗ್ರಾಂ, 2.5 ಮೈಕ್ರಾನ್‌ವರೆಗಿನ ಕಣಗಳು 60 ಮೈಕ್ರೋಗ್ರಾಂ ಮೀರಬಾರದು. ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುವುದರಿಂದ ಅವುಗಳ ಮಿತಿ ಬಿಗಿಯಾಗಿದೆ.

ಎರಡನೆಯದು ದಾರಿ. ಧೂಳು ನಿವೇಶನದಲ್ಲಿ ಮಾತ್ರ ಏಳುವುದಿಲ್ಲ. ದಿನಕ್ಕೆ 20 ಟಿಪ್ಪರ್‌ಗಳು ಬಂದರೆ ಮಣ್ಣುರಸ್ತೆಯ ಪಕ್ಕದ ಅಂಗನವಾಡಿಯ ಮುಂದೆ 40 ಬಾರಿ ಓಡಾಟವಾಗುತ್ತದೆ. ಆದ್ದರಿಂದ ಸದಸ್ಯರು ಸ್ಥಳ ಪರಿಶೀಲನೆಗೆ ಹೋದಾಗ ಹೆದ್ದಾರಿಯಿಂದ ನಿವೇಶನದವರೆಗಿನ ದಾರಿಯಲ್ಲಿರುವ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಮನೆ ಹಾಗೂ ಕಾಫಿ ತೋಟಗಳನ್ನು ಪಟ್ಟಿ ಮಾಡಿ ಕಡತಕ್ಕೆ ಸೇರಿಸಬೇಕು. ದಾರಿ ಬದಿಯ ಗಿಡಗಳ ಎಲೆಯ ಮೇಲೆ ಕೂರುವ ಧೂಳು ಬೆಳೆಗಾರರಿಗೂ ಸಂಬಂಧಿಸಿದ್ದು.

ಮೂರನೆಯದು ಷರತ್ತು. ಗುಡ್ಡವನ್ನು ಒಮ್ಮೆಲೇ ಅಗೆಯದೆ ಹಂತಹಂತವಾಗಿ ಅಗೆಯುವುದು. ಮಣ್ಣು, ಎಂ-ಸ್ಯಾಂಡ್ ರಾಶಿಗೂ ಟಿಪ್ಪರ್‌ಗೂ ಟಾರ್ಪಾಲು ಹೊದಿಸುವುದು. ಕಾಮಗಾರಿಗೆ ಮುನ್ನ ಸಂಪರ್ಕ ರಸ್ತೆಯನ್ನು ಗಟ್ಟಿಗೊಳಿಸುವುದು. ಕಡಿದ ಗಿಡಗಂಟಿಗಳನ್ನು ಸುಡದಿರುವುದು. ಧೂಳಿಗೆ ನೀರು ಚಿಮುಕಿಸುವುದು ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ಆ ನೀರು ಊರಿನ ಕುಡಿಯುವ ನೀರಿನ ಕೊಳವೆಬಾವಿಯದಾಗಬಾರದು. ನೀರಿನ ಮೂಲವನ್ನು ಅರ್ಜಿದಾರರಿಂದ ಲಿಖಿತವಾಗಿ ಪಡೆಯಬೇಕು.

ಮನೆಗಳು ತುಂಬಿದ ಮೇಲೆ ವಾಹನ, ಜನರೇಟರ್, ಸ್ನಾನದ ಒಲೆ ಮತ್ತು ಕಸ ಸುಡುವ ಹೊಗೆ ವರ್ಷವಿಡೀ ಉಳಿಯುತ್ತದೆ. ಆದಕಾರಣ ಕಸ ಸಂಗ್ರಹಣೆಯ ವ್ಯವಸ್ಥೆಯನ್ನೂ ಪರವಾನಗಿಯ ಹಂತದಲ್ಲಿಯೇ ನಿರ್ಧರಿಸುವುದು ಅವಶ್ಯ.

ಈ ಷರತ್ತುಗಳು ಬಾಯಿಮಾತಿನಲ್ಲಿ ಉಳಿಯದೆ ಸಭಾ ನಡವಳಿಯಲ್ಲಿಯೂ ಪರವಾನಗಿ ಪತ್ರದಲ್ಲಿಯೂ ದಾಖಲಾಗಬೇಕು. ಅಗೆದ ಗುಡ್ಡವನ್ನು ಮತ್ತೆ ಕಟ್ಟಲಾಗದು. ಕೇಳಬೇಕಾದುದನ್ನು ಅಗೆಯುವ ಮುನ್ನವೇ ಕೇಳುವುದು ಸದಸ್ಯರ ಕರ್ತವ್ಯ.