ಮೊಡವೆ: ಮುಖದ ಮಾತು, ದುಡಿಮೆಯ ಮಾತು
(ಸಂಘದ ವಾಚನಾಲಯದಲ್ಲಿ ಜರಗಿದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮ್ಮನ್ನು ಕಂಡು, “ಮೊಡವೆಯ ವಿಷಯ ನಾಲ್ಕು ಮಾತು ಹೇಳಬೇಕು” ಎಂದಾಗ ಮೊದಲು ನಮಗೆ ನಗು ಬಂತು. ಸಂಬಳ, ರಜೆ, ಬೋನಸ್ಸು, ಖೋಲಿಯ ಬಾಡಿಗೆ ಇವುಗಳ ನಡುವೆ ಮೊಡವೆಗೆಲ್ಲಿ ಜಾಗ? ಆದರೆ ಮನೆಗೆ ಹೋಗಿ ಯೋಚಿಸಿದಾಗ ನಗು ಹೋಯಿತು. ಯಾಕೆಂದರೆ ಈ ವಿಷಯದಲ್ಲಿ ನಮ್ಮದೇ ಒಂದು ತಪ್ಪು ಇದೆ. ಅದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕೆಂದೇ ಬಂದಿದ್ದೇವೆ.

ನಾವು ವೈದ್ಯರಲ್ಲ. ಮೂವತ್ತು ವರ್ಷ ಔಷಧದ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ನಮ್ಮ ಮಾತನ್ನು ಅಷ್ಟರಮಟ್ಟಿಗೇ ತೆಗೆದುಕೊಳ್ಳಬೇಕು.

ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂದು ಗಾದೆ ಹೇಳುತ್ತದೆ. ಮುಖದ ಹುಣ್ಣಿಗೆ ಮಾತ್ರ ಕನ್ನಡಿ ಬೇಕು. ಹತ್ತು ಹನ್ನೆರಡು ಮಂದಿ ಮಲಗುವ ಖೋಲಿಯಲ್ಲಿ ಇರುವುದು ಒಂದೇ ಕನ್ನಡಿ. ಅದರ ಮುಂದೆ ಹದಿನೆಂಟರ ಹುಡುಗನೊಬ್ಬ ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನಿಂದ ಗೇಲಿ ಶುರುವಾಗುತ್ತದೆ. ಆದುದರಿಂದ ಅವನು ಯಾರಿಗೂ ಹೇಳದೆ ನೇರ ಔಷಧದ ಅಂಗಡಿಗೆ ಬರುತ್ತಾನೆ. ಅಲ್ಲಿ ನಮ್ಮಂಥವರು ಕೂತಿರುತ್ತೇವೆ.

ಅಂಥ ಒಬ್ಬ ಹುಡುಗ ಬಂದಿದ್ದ. ಊರು ಕಾಪುವಿನ ಕಡೆ. ಉಪಾಹಾರಗೃಹವೊಂದರಲ್ಲಿ ವಡೆ, ಬೋಂಡಾ ಕರಿಯುವ ಕೆಲಸ. ಮೊದಲು ಗಿರಾಕಿಗಳಿಗೆ ಬಡಿಸುತ್ತಿದ್ದನಂತೆ. ಮುಖ ತುಂಬ ಮೊಡವೆ ಎದ್ದ ಮೇಲೆ, “ನೀನು ಒಳಗೇ ಇರು” ಎಂದು ಬಾಣಲೆಯ ಮುಂದೆ ನಿಲ್ಲಿಸಿದರಂತೆ. ಬಡಿಸುವವನಿಗೆ ಸಿಗುತ್ತಿದ್ದ ಚಿಲ್ಲರೆ ಕಾಸೂ ಹೋಯಿತು. “ಅಣ್ಣಾ, ಬೇಗ ಹೋಗುವಂಥದ್ದು ಏನಾದರೂ ಕೊಡಿ” ಎಂದ. ನಾವು ಒಂದು ಟ್ಯೂಬು ಕೊಟ್ಟೆವು. ಚೀಟಿ ಕೇಳಲಿಲ್ಲ. ಆ ಕಾಲಕ್ಕೆ ಯಾರೂ ಕೇಳುತ್ತಿರಲಿಲ್ಲ.

ಹತ್ತು ದಿನದಲ್ಲಿ ಅವನ ಮುಖ ತಿಳಿಯಾಯಿತು, ಬಣ್ಣವೂ ಒಂದಿಷ್ಟು ಬಿಳುಪಾಯಿತು. ತನ್ನ ಜೊತೆಯ ಮೂವರನ್ನು ಕರೆತಂದ. ನಾವು ಬೀಗಿದೆವು. ಆರು ತಿಂಗಳ ಮೇಲೆ ಅವನೇ ತಿರುಗಿ ಬಂದಾಗ ಗುರುತು ಸಿಗಲಿಲ್ಲ. ಮುಖ ಕೆಂಡದ ಹಾಗೆ ಕೆಂಪು, ಬಿಸಿಲಿಗೆ ಹೋದರೆ ಉರಿ, ಕೆನ್ನೆಯ ಮೇಲೆ ಇಲ್ಲದ ರೋಮ, ಮೊದಲಿಗಿಂತ ಇಮ್ಮಡಿ ಮೊಡವೆ. ಟ್ಯೂಬು ಬಿಟ್ಟರೆ ಮೂರೇ ದಿನದಲ್ಲಿ ಭುಗಿಲೇಳುತ್ತಿತ್ತು, ಹಚ್ಚಿದರೆ ತಣ್ಣಗಾಗುತ್ತಿತ್ತು. ತಂಗಿಯ ಮದುವೆಗೆ ಊರಿಗೆ ಹೋಗದೆ ಉಳಿದಿದ್ದ. “ಅಣ್ಣಾ, ನೀವೇ ಅಲ್ಲವೆ ಕೊಟ್ಟದ್ದು?” ಎಂದಷ್ಟೇ ಕೇಳಿದ. ಜಗಳ ಮಾಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ಟ್ಯೂಬಿನಲ್ಲಿದ್ದದ್ದು ಸ್ಟಿರಾಯ್ಡ್. ಇಸುಬಿನಂಥ ಕೆಲವು ರೋಗಗಳಿಗೆ ವೈದ್ಯರು ಅಳೆದು ಕೊಡುವ ಒಳ್ಳೆಯ ಔಷಧ ಅದು. ಮೊಡವೆಗೆ ಅದು ಔಷಧವಲ್ಲ. ಊತವನ್ನು ಕೆಲವು ದಿನ ಅಡಗಿಸುತ್ತದೆ. ಒಳಗೊಳಗೆ ಚರ್ಮವನ್ನು ತೆಳುವಾಗಿಸಿ, ಬಿಟ್ಟರೆ ಬಾಳಲಾಗದ ಹಾಗೆ ಕಟ್ಟಿಹಾಕುತ್ತದೆ. ಈ ಹಾವಳಿ ದೇಶವಿಡೀ ಹಬ್ಬಿದ ಮೇಲೆ ಚರ್ಮವೈದ್ಯರ ಸಂಘದವರು ಮೊರೆಯಿಟ್ಟರು. 2018ರಲ್ಲಿ ಕೇಂದ್ರ ಸರಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಕಾನೂನು ಬಂದರೂ ಟ್ಯೂಬು ಕೈಗೆ ಸಿಗುವುದು ನಿಂತಿಲ್ಲ. ಆದುದರಿಂದ ಹೆಸರುಗಳನ್ನು ನೀವೇ ಬಾಯಿಪಾಠ ಮಾಡಿಕೊಳ್ಳಿ: ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲುವೋಸಿನೋಲೋನ್. ಮೊಡವೆಗೆಂದೋ ಬೆಳ್ಳಗಾಗಲೆಂದೋ ಯಾರಾದರೂ ಕೊಟ್ಟ ಟ್ಯೂಬಿನ ಮೇಲೆ ಈ ಹೆಸರುಗಳಲ್ಲಿ ಒಂದಿದ್ದರೆ ಅಲ್ಲೇ ಹಿಂತಿರುಗಿಸಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ಹೆದರಿ ಬಚ್ಚಿಡದೆ ಆ ಟ್ಯೂಬನ್ನೇ ಹಿಡಿದುಕೊಂಡು ಚರ್ಮವೈದ್ಯರ ಬಳಿಗೆ ಹೋಗಬೇಕು. ಬಿಡಿಸುವ ಕ್ರಮ ಅವರಿಗೆ ಗೊತ್ತು.

ಇನ್ನು ಮೊಡವೆ ಎಂದರೇನು, ನೋಡೋಣ. ಇದು ಇಂದಿನ ರೋಗವಲ್ಲ. ನಮ್ಮ ಸುಶ್ರುತ ಸಂಹಿತೆಯಲ್ಲೇ ಇದಕ್ಕೆ ಯೌವನಪಿಡಕಾ ಎಂಬ ಹೆಸರಿದೆ. ಬೂರುಗದ ಮರದ ಮುಳ್ಳಿಗೆ ಅದನ್ನು ಹೋಲಿಸಿದ್ದಾರೆ. ಬೂರುಗದ ಕಾಂಡ ನೋಡಿದವರಿಗೆ ಆ ಹೋಲಿಕೆ ಎಷ್ಟು ಸರಿ ಎಂದು ಗೊತ್ತು.

ಚರ್ಮದಲ್ಲಿ ಕೂದಲಿನ ಬುಡಕ್ಕೆ ಅಂಟಿಕೊಂಡು ಸಣ್ಣ ಸಣ್ಣ ಎಣ್ಣೆಯ ಗ್ರಂಥಿಗಳಿವೆ. ಪ್ರಾಯಕ್ಕೆ ಬರುವಾಗ ಆಂಡ್ರೋಜನ್ ಎಂಬ ಹಾರ್ಮೋನಿನ ಪ್ರಭಾವದಿಂದ ಅವು ಹೆಚ್ಚು ಜಿಡ್ಡನ್ನು ಸುರಿಸುತ್ತವೆ. ಅದೇ ಹೊತ್ತಿಗೆ ರಂಧ್ರದ ಬಾಯಲ್ಲಿ ಸತ್ತ ಚರ್ಮದ ಕಣಗಳು ಅಂಟಿಕೊಂಡು ಬಿರಡೆಯಾಗುತ್ತವೆ. ನಮ್ಮ ಚಾಳಿನ ಮೋರಿ ಕಟ್ಟಿಕೊಂಡರೆ ಏನಾಗುತ್ತದೋ ಅದೇ ಆಗುತ್ತದೆ. ಕಟ್ಟಿಕೊಂಡ ಜಿಡ್ಡಿನಲ್ಲಿ ಎಲ್ಲರ ಚರ್ಮದಲ್ಲೂ ಇರುವ ಒಂದು ಜೀವಾಣು ಬೆಳೆಯುತ್ತದೆ. ದೇಹ ಅದರೊಡನೆ ಸೆಣಸುವಾಗ ಕೆಂಪು, ಊತ, ಕೀವು ಕಾಣುತ್ತವೆ. ಮೂಗಿನ ಮೇಲೆ ಕಾಣುವ ಕಪ್ಪು ಚುಕ್ಕೆ ಕೊಳೆಯಲ್ಲ. ಬಿರಡೆಯಲ್ಲಿರುವ ಚರ್ಮದ ಬಣ್ಣ ಗಾಳಿ ತಾಗಿ ಕಪ್ಪಾದದ್ದು. ಆದುದರಿಂದ ಉಜ್ಜಿದರೆ ಅದು ಹೋಗುವುದಿಲ್ಲ. ಮೊಡವೆ ಬಂದವನು ಕೊಳಕನೂ ಅಲ್ಲ, ನಡತೆಗೆಟ್ಟವನೂ ಅಲ್ಲ. ‘ಮದುವೆಯಾದರೆ ಹೋಗುತ್ತದೆ’ ಎಂಬ ಹಿರಿಯರ ಸಮಾಧಾನವೂ ಸುಳ್ಳು. ವಯಸ್ಸು ಕಳೆದಂತೆ ಅನೇಕರಿಗೆ ಅದಾಗಿಯೇ ಇಳಿಯುತ್ತದೆ. ಮದುವೆಯ ಊಟಕ್ಕೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ದುಡಿಮೆಗೂ ಇದಕ್ಕೂ ಸಂಬಂಧವಿರುವುದನ್ನು ಮಾತ್ರ ಮರೆಯಬಾರದು. ಎಣ್ಣೆ ಬಾಣಲೆಯ ಹೊಗೆಯಲ್ಲಿ ದಿನವಿಡೀ ನಿಲ್ಲುವವನ ಮುಖದ ಮೇಲೆ ಜಿಡ್ಡು ಕೂರುತ್ತದೆ. ಲೇಥಿನಲ್ಲಿ, ಗ್ಯಾರೇಜಿನಲ್ಲಿ ದುಡಿಯುವವರ ಮುಂಗೈಗೂ ತೊಡೆಗೂ ಎಣ್ಣೆ ನೆನೆದ ಬಟ್ಟೆಯಿಂದ ಮೊಡವೆಯಂಥದೇ ಗುಳ್ಳೆಗಳೇಳುತ್ತವೆ. ವೈದ್ಯರು ಇದನ್ನು ಕಸುಬಿನ ರೋಗವೆಂದೇ ಎಣಿಸುತ್ತಾರೆ. ಸೆಕೆಯೂ ಕಾರಣವೇ. ಎರಡನೆಯ ಮಹಾಯುದ್ಧದಲ್ಲಿ ಉಷ್ಣದೇಶಗಳಿಗೆ ಬಂದ ಸೈನಿಕರ ಬೆನ್ನು, ಎದೆಗಳಲ್ಲಿ ಎದ್ದ ಭಾರೀ ಮೊಡವೆಗಳಿಗೆ ವೈದ್ಯರು ಬೇರೆಯೇ ಹೆಸರು ಕೊಡಬೇಕಾಯಿತು. ಮುಂಬಯಿಯ ಮೇ ತಿಂಗಳಲ್ಲಿ ಭಟ್ಟಿಯ ಮುಂದೆ ನಿಂತವನಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೋಟರ್ ಸೈಕಲ್ಲಿನಲ್ಲಿ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಹುಡುಗರಿಗೆ ಹೆಲ್ಮೆಟಿನ ಪಟ್ಟಿ ಉಜ್ಜುವಲ್ಲಿ, ಗದ್ದಕ್ಕೂ ಹಣೆಗೂ ಮೊಡವೆ ಹೆಚ್ಚು. ಬಿಗಿತ ಮತ್ತು ಉಜ್ಜುವಿಕೆಯಿಂದ ಬರುವ ಈ ಬಗೆಯನ್ನು 1975ರಲ್ಲಿ ಅಮೇರಿಕದ ವೈದ್ಯರು ವಿವರಿಸಿದರು. ಹಾಗೆಂದು ಹೆಲ್ಮೆಟು ಬಿಡಬೇಡಿ. ಒಳಗಿನ ಅರಿವೆಯನ್ನು ಆಗಾಗ ಒಗೆಯಿರಿ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ತಲೆಗೆ ತೆಂಗಿನೆಣ್ಣೆ ಸುರಿದು, ಉಳಿದದ್ದನ್ನು ಮುಖಕ್ಕೂ ಸವರಿಕೊಳ್ಳುವುದು ನಮ್ಮ ಪದ್ಧತಿ. ಹಣೆಯ ತುಂಬ ಸಣ್ಣ ಗುಳ್ಳೆಗಳಿರುವವರು ಅದನ್ನು ನಿಲ್ಲಿಸಿ ನೋಡಿ. ತಲೆಗೆ ಬೇಕಾದರೆ ಸ್ನಾನಕ್ಕೆ ಮುಂಚೆ ಹಚ್ಚಿ ತೊಳೆದುಬಿಡಿ. ಎಣ್ಣೆತಲೆಯಿಂದ ದಿಂಬು, ದಿಂಬಿನಿಂದ ಕೆನ್ನೆ, ಹೀಗೆ ಜಿಡ್ಡು ಸಂಚರಿಸುತ್ತದೆ. ದಿಂಬಿನ ಗವಸಣಿಗೆಯನ್ನು ವಾರಕ್ಕೊಮ್ಮೆಯಾದರೂ ಒಗೆಯಬೇಕು. ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸಬಾರದು.

ದಿನದ ಕ್ರಮ ಸರಳ. ಬೆಳಿಗ್ಗೆ ಒಮ್ಮೆ, ಪಾಳಿ ಮುಗಿದ ಮೇಲೆ ಒಮ್ಮೆ, ಮೃದುವಾದ ಸಾಬೂನಿನಿಂದ ಮುಖ ತೊಳೆದು ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು. ಬೆವರಿದಾಗ ಬರೇ ನೀರು ಹಾಕಿ. ಬಟ್ಟೆಯ ಸಾಬೂನು ಮುಖಕ್ಕೆ ಬೇಡ. ನಿಂಬೆರಸ, ಹಲ್ಲಿನ ಪೇಸ್ಟು, ಸೋಡಾಪುಡಿ ಇವೆಲ್ಲ ಚರ್ಮವನ್ನು ಸುಡುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಹಿಸುಕಬೇಡಿ. ಹಿಸುಕಿದ ಮೊಡವೆ ಒಳಕ್ಕೆ ಒಡೆದು ಗುಳಿ ಬೀಳುತ್ತದೆ. ನಮ್ಮಂಥ ಕಂದು ಚರ್ಮದವರಿಗೆ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಸಿಲು ಬಿದ್ದರೆ ಅದು ಇನ್ನೂ ಗಾಢವಾಗುತ್ತದೆ. ಗುಳಿ ಮಾತ್ರ ಜನ್ಮಕ್ಕೆ ಉಳಿದೀತು.

ಊಟದ ವಿಷಯ ಬಹಳ ಚರ್ಚೆಯಿದೆ. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ ಗೆಣಸು, ಹಣ್ಣು, ಮೀನು, ತೆಂಗು ತಿಂದು ಬದುಕುವ ಜನರಲ್ಲಿ ಮೊಡವೆಯೇ ಕಾಣಲಿಲ್ಲವೆಂದು 2002ರಲ್ಲಿ ಪ್ರಕಟವಾದ ಒಂದು ವರದಿ ಹೇಳಿತು. 2007ರಲ್ಲಿ ಆಸ್ಟ್ರೇಲಿಯದಲ್ಲಿ ಕೆಲವು ತರುಣರಿಗೆ ಸಕ್ಕರೆಯನ್ನು ರಕ್ತಕ್ಕೆ ಬೇಗ ಏರಿಸದಂಥ ಆಹಾರವನ್ನು 12 ವಾರ ಕೊಟ್ಟು ನೋಡಿದಾಗ ಮೊಡವೆ ಕಡಿಮೆಯಾಯಿತು. ಪಥ್ಯದಿಂದಲೇ ಗುಣವಾಗುತ್ತದೆಂದು ಇದರ ಅರ್ಥವಲ್ಲ. ಆದರೆ ದಿನಕ್ಕೆ ಎಂಟು ಕಪ್ಪು ಸಕ್ಕರೆ ಚಹಾ, ಅದರೊಡನೆ ಪಾವು, ಬಿಸ್ಕೀಟು ಎಂಬ ನಮ್ಮ ಪದ್ಧತಿಯನ್ನು ಅರ್ಧಕ್ಕೆ ಇಳಿಸಿದರೆ ನಷ್ಟವೇನೂ ಇಲ್ಲ.

ಇಷ್ಟರಿಂದ ಇಳಿಯದಿದ್ದರೆ ಔಷಧ ಬೇಕು. ಬೆಂಜಾಯಿಲ್ ಪೆರಾಕ್ಸೈಡ್ ಜೀವಾಣುವನ್ನು ಕೊಲ್ಲುತ್ತದೆ; ಬಣ್ಣದ ದಿಂಬು, ಟವೆಲುಗಳನ್ನು ಬಿಳಿಚಿಸುತ್ತದೆ, ಎಚ್ಚರ. ಅಡಾಪಲೀನ್ ಬಿರಡೆ ಕಟ್ಟದಂತೆ ತಡೆಯುತ್ತದೆ. ರಾತ್ರಿ ಬಟಾಣಿಯಷ್ಟು ತೆಗೆದು, ಮೊಡವೆಯ ತುದಿಗಷ್ಟೇ ಅಲ್ಲದೆ ಮೊಡವೆ ಏಳುವ ಭಾಗಕ್ಕೆಲ್ಲ ತೆಳ್ಳಗೆ ಸವರಬೇಕು. ಮೊದಮೊದಲು ಚರ್ಮ ಒಣಗಿ ಸಿಪ್ಪೆಯೇಳುತ್ತದೆ. ಆಗ ದಿನ ಬಿಟ್ಟು ದಿನ ಹಚ್ಚಬೇಕು. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ನಮ್ಮ ಹುಡುಗರು ಸೋಲುವುದು ಇಲ್ಲಿಯೇ. ಹತ್ತು ದಿನ ಕಾದು, ‘ಇದು ನಾಟುವುದಿಲ್ಲ’ ಎಂದು ಬಿಸಾಡಿ, ಹತ್ತು ದಿನದಲ್ಲಿ ನಾಟುವ ಸ್ಟಿರಾಯ್ಡಿನ ಬಾಯಿಗೆ ಬೀಳುತ್ತಾರೆ. ಬೇಗ ಗುಣ ತೋರಿಸುವ ಮುಲಾಮಿನ ಮೇಲೆ ಅನುಮಾನವಿರಲಿ.

ಗಂಟುಗಟ್ಟಿ ನೋಯುವ ಮೊಡವೆಗೆ ವೈದ್ಯರು ಮಾತ್ರೆಗಳನ್ನು ಕೊಡುತ್ತಾರೆ. ಅವುಗಳಲ್ಲಿ ಐಸೊಟ್ರೆಟಿನಾಯಿನ್ ಎಂಬುದು ಬಲು ಪ್ರಬಲ. ಗರ್ಭಿಣಿ ತೆಗೆದುಕೊಂಡರೆ ಶಿಶುವಿಗೆ ಭಯಂಕರ ಅಂಗದೋಷಗಳು ಬರುತ್ತವೆ. ಅಣ್ಣನಿಗೆ ಬರೆದ ಮಾತ್ರೆಯನ್ನು ತಂಗಿ ನುಂಗಬಾರದು. ಸೋದರಿಯರಲ್ಲಿ ಮೊಡವೆಯೊಡನೆ ಮುಟ್ಟು ಏರುಪೇರಾಗಿ ಗದ್ದದ ಮೇಲೆ ಕೂದಲು ಬೆಳೆಯುತ್ತಿದ್ದರೆ ಸಂಕೋಚ ಬಿಟ್ಟು ವೈದ್ಯರಿಗೆ ಹೇಳಬೇಕು. ಅದಕ್ಕೆ ಬೇರೆ ಚಿಕಿತ್ಸೆಯಿದೆ. ಕ್ಷಯದ ಔಷಧದಿಂದಲೂ ಕೆಲವರಿಗೆ ಮೊಡವೆಯಂಥ ಗುಳ್ಳೆ ಏಳುತ್ತದೆ. ಅದಕ್ಕಾಗಿ ಕ್ಷಯದ ಮಾತ್ರೆಯನ್ನು ಮಾತ್ರ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಮುಖಕ್ಕಿಂತ ಜೀವ ದೊಡ್ಡದು.

ಬ್ಯೂಟಿ ಪಾರ್ಲರಿನ ಫೇಶಿಯಲ್ಲಿನ ವಿಷಯ ಕೇಳಿದ್ದೀರಿ. ಕೀವು ತುಂಬಿದ ಮುಖವನ್ನು ಕ್ರೀಮು ಹಚ್ಚಿ ತಿಕ್ಕಿದರೆ ಮೊಡವೆ ಹೆಚ್ಚುವುದುಂಟು. ಬಿರಡೆ ತೆಗೆಯುವುದು, ಆಮ್ಲದಿಂದ ಮೇಲ್ಪದರ ಸುಲಿಯುವುದು ಇವುಗಳಿಗೂ ಸ್ಥಾನವಿದೆ. ಆದರೆ ಅದು ಚರ್ಮವೈದ್ಯರ ಕಣ್ಣೆದುರು ಆಗಬೇಕು, ಕಂದು ಚರ್ಮಕ್ಕೆ ಸುಟ್ಟ ಕಲೆ ಬೇಗ ಬೀಳುತ್ತದೆ.

‘ಚರ್ಮವೈದ್ಯರ ಫೀಸು ನಮ್ಮಿಂದಾಗದು’ ಎನ್ನುತ್ತೀರಿ. ಪರೇಲಿನಲ್ಲಿ 1926ರಿಂದ ಕೆ.ಇ.ಎಂ. ಆಸ್ಪತ್ರೆ ಇದೆ. ಮುಂಬಯಿ ಸೆಂಟ್ರಲಿನಲ್ಲಿ ನಾಯರ್, ಸಾಯನಿನಲ್ಲಿ ಲೋಕಮಾನ್ಯ ತಿಲಕ್, ಜುಹುವಿನಲ್ಲಿ ಕೂಪರ್, ಇವೆಲ್ಲ ನಗರಪಾಲಿಕೆಯ ಆಸ್ಪತ್ರೆಗಳು. ಭಾಯಖಳದಲ್ಲಿ ಸರಕಾರದ ಜೆ.ಜೆ. ಇದೆ. ಎಲ್ಲ ಕಡೆಯೂ ಚರ್ಮರೋಗ ವಿಭಾಗವಿದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ ಸಾಲಿನಲ್ಲಿ ನಿಲ್ಲಬೇಕು. ಅರ್ಧ ದಿನ ಹೋಗುತ್ತದೆ, ನಿಜ. ಪಾಳಿ ಬದಲಿಸಿಕೊಂಡು ಒಬ್ಬನ ಕೆಲಸ ಇನ್ನೊಬ್ಬ ನೋಡಿಕೊಂಡರೆ ಆಗದ ಮಾತೇನಲ್ಲ.

ಆ ಹುಡುಗನನ್ನು ನಾವೇ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯೆ, “ಇದನ್ನು ಯಾರು ಕೊಟ್ಟರು?” ಎಂದು ಕೇಳಿದರು. ಹುಡುಗ ನಮ್ಮ ಮುಖ ನೋಡಲಿಲ್ಲ, ಗೋಡೆ ನೋಡಿದ. “ನಾನೇ” ಎಂದು ನಾವು ಹೇಳಿದೆವು. ಅವನ ಮುಖದ ಉರಿ ಇಳಿಯಲು ವರ್ಷದ ಮೇಲಾಯಿತು. ಎಡಗೆನ್ನೆಯ ಗುಳಿಗಳು ಈಗಲೂ ಇವೆ. ಅಂದಿನಿಂದ ಚೀಟಿಯಿಲ್ಲದೆ ನಾವು ಅಂಥ ಟ್ಯೂಬು ಕೊಡಲಿಲ್ಲ. ಮಾಲಿಕರೊಡನೆ ಮಾತಿಗೆ ಮಾತು ಬಂತು. ಬಂದರೆ ಬರಲಿ ಎಂದೆವು.

ಕೊನೆಗೆ ಸಂಘದ ಮುಂದೆ ಮೂರು ಸೂಚನೆಗಳನ್ನಿಡುತ್ತೇವೆ. ಒಂದು, ಆ ನಾಲ್ಕು ಔಷಧಗಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ವಾಚನಾಲಯದ ಹಲಗೆಗೆ ಅಂಟಿಸಬೇಕು. ಎರಡು, ಬಾಣಲೆಯ ಮೇಲೆ ಹೊಗೆ ಎಳೆಯುವ ಫ್ಯಾನು, ಅಡಿಗೆಮನೆಯ ಹಿಂದೆ ಕೈಕಾಲು ಮುಖ ತೊಳೆಯಲು ನಲ್ಲಿ, ಪಾಳಿಯ ನಡುವೆ ಅದಕ್ಕಾಗಿ ಐದು ನಿಮಿಷ, ಇವನ್ನು ಮಾಲಿಕರ ಮುಂದಿಡುವ ಬೇಡಿಕೆಗಳಲ್ಲಿ ಸೇರಿಸಬೇಕು. ಮುಖ ಕೆಟ್ಟಿತೆಂದು ಯಾರನ್ನೂ ಕಡಿಮೆ ಸಂಪಾದನೆಯ ಕೆಲಸಕ್ಕೆ ತಳ್ಳಬಾರದೆಂಬ ಮಾತನ್ನೂ ಅದರೊಡನೆ ಬರೆಯಬೇಕು. ಮೂರನೆಯದಕ್ಕೆ ಖರ್ಚಿಲ್ಲ: ಖೋಲಿಯ ಕನ್ನಡಿಯ ಮುಂದೆ ಹುಡುಗನೊಬ್ಬ ನಿಂತಾಗ ಗೇಲಿ ಮಾಡದೆ, “ಬಾ ತಮ್ಮಾ, ನಾಳೆ ನಾನೂ ಬರುತ್ತೇನೆ, ಆಸ್ಪತ್ರೆಗೆ ಹೋಗೋಣ” ಎನ್ನಬೇಕು.