ಬರೆದವರ ಹೆಸರು, ಓದುವವರ ನಂಬಿಕೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)

 

ಸಂಶೋಧನಾ ಪತ್ರಿಕೆಗಳಲ್ಲಿ ಲೇಖನ ಪ್ರಕಟಿಸುವವರ ನೈತಿಕ ಹೊಣೆಯ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಇದು ದೊಡ್ಡ ಪ್ರೊಫೆಸರುಗಳ ವಿಷಯ, ನಮಗೇಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಜಿಗಣಿಯ ಪ್ರಶಾಂತಿ ಕುಟೀರದ ಯೋಗ ವಿಶ್ವವಿದ್ಯಾಲಯವೇ 2008ರಲ್ಲಿ ಒಂದು ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆ ಆರಂಭಿಸಿತು. ಪಕ್ಕದ ಬೊಮ್ಮಸಂದ್ರದಲ್ಲಿ ಔಷಧ ಕಂಪನಿಗಳ ಪ್ರಯೋಗಾಲಯಗಳಿವೆ. ನಾಳೆ ನಿಮ್ಮಲ್ಲೇ ಕೆಲವರು ಬಿ.ಎಸ್ಸಿ., ಬಿ.ಫಾರ್ಮ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರುತ್ತೀರಿ.

ಸಂಶೋಧಕರು ಕಳಿಸಿದ ಲೇಖನವನ್ನು ಸಂಪಾದಕರು ಅದೇ ವಿಷಯದ ಇಬ್ಬರು ಮೂವರು ತಜ್ಞರಿಗೆ ತೋರಿಸುತ್ತಾರೆ. ಅವರು ತಪ್ಪು ಒಪ್ಪು ನೋಡುತ್ತಾರೆ. ಆದರೆ ಪ್ರಯೋಗವನ್ನು ಅವರು ಮತ್ತೆ ಮಾಡಿ ನೋಡುವುದಿಲ್ಲ. ಬರೆದವರು ಕೊಟ್ಟ ಅಂಕಿ, ಚಿತ್ರಗಳನ್ನು ನಂಬಿಯೇ ತೀರ್ಮಾನಿಸುತ್ತಾರೆ. ಆದ್ದರಿಂದ ಇಡೀ ವ್ಯವಸ್ಥೆ ನಿಂತಿರುವುದು ಬರೆದವರ ಪ್ರಾಮಾಣಿಕತೆಯ ಮೇಲೆ.

ಆ ನಂಬಿಕೆ ಮುರಿದರೆ ಏನಾಗುತ್ತದೆ? 1998ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಕೇವಲ 12 ಮಕ್ಕಳ ವಿವರ ಆಧರಿಸಿ, ದಡಾರ ಮೊದಲಾದವುಗಳ ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂಬ ಲೇಖನ ಬಂತು. ಪತ್ರಿಕೆ ಅದನ್ನು ಹಿಂಪಡೆದದ್ದು 2010ರಲ್ಲಿ. ಅಷ್ಟರಲ್ಲಿ ಎಷ್ಟೋ ತಂದೆತಾಯಿಯರು ಮಕ್ಕಳಿಗೆ ಲಸಿಕೆ ಹಾಕಿಸಲು ಹೆದರಿದ್ದರು. ಲೇಖನ ವಾಪಸಾದರೂ ಆ ಭಯ ಇಂದಿಗೂ ಪೂರ್ತಿ ಹೋಗಿಲ್ಲ.

ನಮ್ಮ ಬೆಂಗಳೂರಿನಲ್ಲೂ ಇಂಥ ಪ್ರಸಂಗ ನಡೆದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಒಂದು ಲೇಖನ 2020ರಲ್ಲಿ ಹೆಸರಾಂತ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಚಿತ್ರಗಳ ಬಗ್ಗೆ ಓದುಗರು ಸಂಶಯ ಎತ್ತಿದರು. ಸಂಸ್ಥೆ ವಿಚಾರಣೆ ನಡೆಸಿತು, 2021ರಲ್ಲಿ ಲೇಖನವನ್ನು ಹಿಂಪಡೆಯಲಾಯಿತು. ಇದು ನೋವಿನ ವಿಷಯವೇ. ಆದರೂ ಪ್ರಶ್ನೆ ಕೇಳಿದ ಓದುಗರೂ, ಮುಚ್ಚಿಡದೆ ಹಿಂಪಡೆದವರೂ ವಿಜ್ಞಾನಕ್ಕೆ ಉಪಕಾರವನ್ನೇ ಮಾಡಿದರು.

ಇನ್ನೊಂದು ಪಿಡುಗು, ದುಡ್ಡು ಕೊಟ್ಟರೆ ಯಾವ ಪರಿಶೀಲನೆಯೂ ಇಲ್ಲದೆ ಅಚ್ಚು ಹಾಕುವ ನಕಲಿ ಪತ್ರಿಕೆಗಳು. 1932ರಿಂದ ಬೆಂಗಳೂರಿನಿಂದ ಹೊರಬರುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಯುಜಿಸಿ ಪಟ್ಟಿ ಸೇರಿದ್ದ ಪತ್ರಿಕೆಗಳಲ್ಲಿ ಪರಿಶೀಲಿಸಿದವುಗಳ ಪೈಕಿ ನೂರಕ್ಕೆ 88ಕ್ಕೂ ಹೆಚ್ಚು ಕಳಪೆ ಇರಬಹುದೆಂದು ಅದು ತಿಳಿಸಿತು. ಅದೇ ವರ್ಷ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕೈಬಿಟ್ಟಿತು. ಬಡ್ತಿಗೂ ಪಿಎಚ್.ಡಿ.ಗೂ ಲೇಖನಗಳ ಲೆಕ್ಕ ಕೇಳಿದ್ದರಿಂದಲೇ ಈ ಅಂಗಡಿಗಳು ಬೆಳೆದವು. ಪಿಎಚ್.ಡಿ.ಗೆ ಲೇಖನ ಪ್ರಕಟಣೆ ಕಡ್ಡಾಯವೆಂಬ ನಿಯಮವನ್ನು ಯುಜಿಸಿ 2022ರಲ್ಲಿ ತೆಗೆಯಿತು. 2019ರಲ್ಲಿ ತಂದ 'ಕೇರ್' ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಹಾಗಾಗಿ ಒಳ್ಳೆಯ ಪತ್ರಿಕೆ ಯಾವುದೆಂದು ವಿಚಾರಿಸಿ ಆರಿಸುವ ಹೊಣೆ ಈಗ ನಮ್ಮ ಮೇಲೆ, ನಮ್ಮ ಕಾಲೇಜುಗಳ ಮೇಲೆ ಇನ್ನಷ್ಟು ಬಿದ್ದಿದೆ.

ಕೃತಿಚೌರ್ಯ ತಡೆಯಲು 2018ರ ಯುಜಿಸಿ ನಿಯಮಗಳಿವೆ. ಪ್ರಬಂಧದಲ್ಲಿ ಶೇ. 60ಕ್ಕಿಂತ ಹೆಚ್ಚು ನಕಲಿದ್ದರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಆದರೆ ಕಂಪ್ಯೂಟರ್ ಪದಗಳನ್ನು ಹೋಲಿಸುತ್ತದೆಯೇ ಹೊರತು ನಮ್ಮ ನಿಯತ್ತನ್ನು ಅಳೆಯಲಾರದು. ಈಗ ಎಐ ಕೂಡ ಬಂದಿದೆ. ಎಐಯನ್ನು ಲೇಖಕರೆಂದು ಹೆಸರಿಸುವಂತಿಲ್ಲ, ಏಕೆಂದರೆ ಅದು ಬರೆದದ್ದಕ್ಕೆ ಹೊಣೆ ಹೊರಲಾರದು ಎಂದು ಪ್ರಕಾಶನ ನೀತಿಯ ಅಂತರರಾಷ್ಟ್ರೀಯ ಸಮಿತಿ 'ಕೋಪ್' 2023ರಲ್ಲಿ ಹೇಳಿದೆ. ಲೇಖಕ ಎಂದರೆ ಹೊಣೆ ಹೊರುವವನು ಎಂದೇ ಇದರ ಅರ್ಥ.

ಪ್ರೀತಿಯ ವಿದ್ಯಾರ್ಥಿಗಳೇ, ಈ ಅಭ್ಯಾಸ ಶಾಲೆಯಲ್ಲೇ ಆರಂಭವಾಗಬೇಕು. ಸೈಬರ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಹೊದಿಕೆ ಹಾಕಿಸಿ ಕೊಟ್ಟ ಪ್ರಾಜೆಕ್ಟು ನಿಮ್ಮದಲ್ಲ. ಬೇರೆಯವರಿಂದ ಪಡೆದದ್ದನ್ನು ಎಲ್ಲಿಂದ ಪಡೆದಿರಿ ಎಂದು ಬರೆಯಿರಿ. ದುಡಿದ ಗೆಳೆಯನ ಹೆಸರು ಬಿಡಬೇಡಿ, ದುಡಿಯದವನ ಹೆಸರು ಸೇರಿಸಬೇಡಿ. ಪ್ರಯೋಗದ ಉತ್ತರ ಪುಸ್ತಕದಂತೆ ಬರದಿದ್ದರೆ ಅಂಕಿ ತಿದ್ದಬೇಡಿ, ಬಂದದ್ದನ್ನೇ ಬರೆಯಿರಿ. ಶಿಕ್ಷಕರಾದ ನಾವೂ ಅಂಥ ಉತ್ತರಕ್ಕೆ ಅಂಕ ಕಡಿಯಬಾರದು. ಕಡಿದರೆ ಸುಳ್ಳನ್ನು ಕಲಿಸಿದವರು ನಾವೇ ಆಗುತ್ತೇವೆ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಸ್ನಾತಕೋತ್ತರ ಓದಿದ ಸದಸ್ಯರು ವರ್ಷಕ್ಕೊಮ್ಮೆಯಾದರೂ ಕಿರಿಯರ ಜೊತೆ ಕುಳಿತು ಪ್ರಾಜೆಕ್ಟು, ಪ್ರಬಂಧ ಬರೆಯುವ ಸರಿಯಾದ ಕ್ರಮ ಹೇಳಿಕೊಡಲಿ. ನಕಲಿ ಪತ್ರಿಕೆಗೆ ಹಣ ಕಟ್ಟುವ ಮೊದಲು ಕೇಳಲು ಒಬ್ಬರಾದರೂ ನಮ್ಮ ಮಕ್ಕಳಿಗೆ ಇರಲಿ.